ಎಣ್ಣೆ ಇಳಿದ ವಾರದ ಜಿಲೇಬಿ

ಹಳೇನಗರ, ಭದ್ರಾವತಿ
12 ಮೇ 2025

ಬೇಟಾ ನವಾಜ್‌ಗೆ ಅಮ್ಮಿಯ ಸಲಾಮು,

ಹೇಗಿದ್ದೀಯ? ರಾಜಸ್ಥಾನದ ಬಿಸಿಲಿಗೆ ಮೂಗಲ್ಲಿ ರಕ್ತ ಬರುವುದು ನಿಂತಿತಾ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನೆ ಕೆಟ್ಟ ಕನಸು ಬಿತ್ತು. ನೀನು ಎಣ್ಣೆಬಾವಿಯ ಒಳಗಿಂದ ಕರೆಯುತ್ತಿದ್ದೀಯ, ಮೇಲೆ ಪೆಟ್ರೋಲ್ ಬಂಕಿನ ಸಾಲು, ಒಬ್ಬರೂ ತಿರುಗಿ ನೋಡುತ್ತಿಲ್ಲ. ಆಮೇಲೆ ನಿದ್ದೆ ಬರಲಿಲ್ಲ. ಫೋನಲ್ಲಿ ಏನು ಕೇಳಿದರೂ ನೆಟ್‌ವರ್ಕ್ ಇಲ್ಲ ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೊಂಡು ಓದು.

ನಿನ್ನ ಅಬ್ಬಾ ಮಾಡಿದ್ದು ಕೇಳು. ಹೊರದೇಶದ ಕಚ್ಚಾ ಎಣ್ಣೆ ಬೆಲೆ ಬಿತ್ತು ಅಂತ ಟೀವಿಯಲ್ಲಿ ಹೇಳಿದ್ದೇ ತಡ, ಇನ್ನು ಪೆಟ್ರೋಲ್ ಇಳಿಯಿತು ಅಂದುಕೊಂಡು ತಮ್ಮ ಆಟೋ ಸ್ಟ್ಯಾಂಡಿಗೆಲ್ಲ ಜಿಲೇಬಿ ಹಂಚಿ ಬಂದರು. ಮಗ ಅದೇ ಎಣ್ಣೆ ತೆಗೆಯುವ ಕಡೆ ದುಡಿಯುತ್ತಿದ್ದಾನೆ ಅನ್ನುವುದು ಅವರ ತಲೆಗೂ ಹೋಗಲಿಲ್ಲ, ನನ್ನ ತಲೆಗೂ ಹೋಗಲಿಲ್ಲ. ಮಾರನೇ ದಿನ ನಿನ್ನ ಜೊತೆ ಅಲ್ಲೇ ಇದ್ದ ನಮ್ಮ ಬೀದಿಯ ಯುವರಾಜ್ ಬ್ಯಾಗ್ ಹೊತ್ತು ಬಂದ. ಅಬ್ಬಾ ಮಿಕ್ಕಿದ್ದ ಜಿಲೇಬಿ ಮುಂದಿಟ್ಟರು. “ನನ್ನ ಕೆಲಸ ಹೋಗಿದ್ದಕ್ಕಾ ಚಾಚಾ ಸ್ವೀಟು?” ಅಂದ. ಅಬ್ಬಾ ತಟ್ಟೆ ಹಿಂದಕ್ಕೆ ಎಳೆದುಕೊಂಡರು.

“ನಮ್ಮ ನೆಲದಿಂದ ಎತ್ತೋದಕ್ಕಿಂತ ಹಡಗಲ್ಲಿ ತರಿಸೋದೇ ಈಗ ಅಗ್ಗ ಬೀಳುತ್ತಂತೆ. ಹೊಸ ಬಾವಿ ಕೊರೆಯೋದು ನಿಲ್ಸಿದಾರೆ, ಅರ್ಧ ಜನಾನ ಕಳಿಸ್ಬಿಟ್ರು,” ಅಂತ ಅವನೇ ಬಿಡಿಸಿ ಹೇಳಿದ. ಉಳಿದವರಿಗೆ ಇಬ್ಬರ ಕೆಲಸವಂತೆ. ಇದನ್ನೆಲ್ಲ ನೀನು ನಮಗೆ ಒಂದು ಮಾತೂ ತಿಳಿಸಲಿಲ್ಲ. ಬೆಲೆ ಏರಿದ್ದಾಗ ದೇಶಕ್ಕೆ ನೀವೇ ಬೇಕು ಅಂತ ಬೆನ್ನು ತಟ್ಟಿ ಕರೆದುಕೊಂಡು ಹೋದ ಕಂಟ್ರಾಕ್ಟರ್ ಈಗ ಫೋನೇ ಎತ್ತುವುದಿಲ್ಲವಂತೆ. ನಾಳೆ ಹಡಗಿನವರು ಬೆಲೆ ಏರಿಸಿದರೆ, ಮುಚ್ಚಿದ ಬಾವಿ ಕರೆದ ತಕ್ಷಣ ಬಾಯಿ ತೆರೆಯುತ್ತದಾ? ಇಲ್ಲಿ ಬಂಕಿನಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ. ಇಳಿದದ್ದು ನಿನ್ನ ಜೊತೆಗಿದ್ದವರ ಸಂಖ್ಯೆ ಮಾತ್ರ. ಅಬ್ಬಾ ಈಗ ಸ್ಟ್ಯಾಂಡಿಗೆ ಹೋಗಲೂ ನಾಚುತ್ತಾರೆ. ನಾಚಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾ ನಿನ್ನನ್ನು ಕಾಯಲಿ.

ನಿನ್ನ ಅಮ್ಮಿ,
ಸಲೀಮಾ

ಮರೆಯುವ ಮೊದಲು: ವಿಷದ ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವನನ್ನೂ ಕಳಿಸಿಬಿಟ್ಟಿದ್ದಾರೆ ಅಂತ ಯುವರಾಜ್ ಬಾಗಿಲಲ್ಲಿ ಮೆಲ್ಲಗೆ ಹೇಳಿದ. ನಿನಗೆ ಫೋನ್ ಮಾಡಿದರೆ “ಅದು ಒಂದ್ಸಲಾನೂ ಕೂಗಿಲ್ಲ ಅಮ್ಮಿ, ಭಯ ಬೇಡ” ಅಂದು ಇಟ್ಟುಬಿಟ್ಟೆ. ಗ್ಯಾಸ್ ಇಲ್ಲದ್ದಕ್ಕೆ ಸುಮ್ಮನಿದೆಯೋ, ಕೆಟ್ಟು ಕೂತಿದ್ದಕ್ಕೆ ಸುಮ್ಮನಿದೆಯೋ? ಈ ಕಾಗದ ಓದಿ ಮಡಿಸುವ ಮೊದಲು ಹೋಗಿ ಆ ಪೆಟ್ಟಿಗೆ ಸರಿಯಿದೆಯಾ ಅಂತ ನೋಡು.