ಯಮನ್ ಗುಡ್ಡದ ಬೀಜ

ಪೀರಪ್ಪಾ,

ನೀನು ದಂಡಿನ ಪಲ್ಟನ್‌ನಿಂದ ಕಳಿಸಿದ ಹಸಿ ಕಾಫಿ ಬೀಜ, ನಿನ್ನ ಸಾವಿನ ತಾರು ಬಂದ ಮೂರು ತಿಂಗಳಿಗೆ ಜೇವರ್ಗಿ ಮುಟ್ಟಿತು. ನಿಮ್ಮವ್ವ ಭಾಗಮ್ಮ ಅದನ್ನು ಯಾವುದೋ ಕಾಳೆಂದು ನೆನೆಹಾಕಿ, ಉಪ್ಪು ಖಾರ ಹಾಕಿ ಕುದಿಸಿದಳಂತೆ. ಬೇಯಲಿಲ್ಲ. ಉಳಿದ ಹಿಡಿ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಇವತ್ತು ನಾನು ಕೆಲಸಕ್ಕಿರುವ ಹೋಟೆಲಿಗೆ ಬಂದಳು.

"ಇದು ಹ್ಯಾಂಗ ತಿನ್ನೂದೋ ಯಪ್ಪಾ?"

ಹುರಿದು, ಕುಟ್ಟಿ, ಕುದಿಸಿದೆ. ನೀನು ಏಡನ್ ಬಂದರಿನಿಂದ ಬರೆದದ್ದು ನಿಜ. ಕಡಲಾಚೆಯ ಹಬಶಿ ನಾಡಿನ ಕಾಫಿಗೆ ಹೂವಿನ ವಾಸನೆ, ಅರಬ್ಬರ ಯಮನ್ ಗುಡ್ಡದ್ದಕ್ಕೆ ಒಣದ್ರಾಕ್ಷಿಯದು ಎಂದಿದ್ದೆ. ನಮ್ಮ ಚಿಕ್ಕಮಗಳೂರು ಪುಡಿಯ ಒಗರು ಇದಕ್ಕಿರಲಿಲ್ಲ. ಒಣದ್ರಾಕ್ಷಿಯೇ, ಕೊನೆಗೆ ತುಸು ಹುಳಿ. ಅಲ್ಲಿ ಎಲ್ಲರಿಗೂ ಒಂದೇ ಬಟ್ಟಲು ಎಂದೂ ನೀನು ಬರೆದಿದ್ದೆ. ಅದನ್ನು ಭಾಗಮ್ಮನಿಗೆ ಓದಿ ಹೇಳಿದವನು ನಾನೇ.

ಭಾಗಮ್ಮನಿಗೆ ಕೊಡಲು ಒಳಗಿನ ಬಟ್ಟಲಿಗೆ ಕೈ ಚಾಚಿದೆ. ಮಾಲಕ ರೇವಣಪ್ಪ ಗಲ್ಲಾ ಬಿಟ್ಟು ಎದ್ದ. "ಒಳಗಿನ ಬಟ್ಟಲ ಮುಟ್ಟಿದಿ ಅಂದ್ರ ನಾಳಿಂದ ಬರಬ್ಯಾಡಲೇ."

ಭಾಗಮ್ಮ ಬಾಗಿಲಾಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಿಮ್ಮ ಕೇರಿಯವರಿಗೆಂದು ಇಟ್ಟ ತಗಡಿನ ಬಟ್ಟಲು ಸೂರಿನಡಿ ಮೊಳೆಗೆ ತೂಗುತ್ತಿತ್ತು. ಅವಳು ಅದನ್ನು ತೆಗೆದು ಚಾಚಿದಳು. ನಾನು ಮೇಲಿನಿಂದ ಸುರಿದೆ, ನಿನಗೆ ಸುರಿಯುತ್ತಿದ್ದಂತೆಯೇ.

ಕುಡಿದು, ತಾನೇ ತೊಳೆದು, ಮತ್ತೆ ಮೊಳೆಗೆ ಹಾಕಿದಳು.

"ಖರೇ ಹೇಳೋ ಯಪ್ಪಾ. ಅಲ್ಲಿ ನನ್ನ ಮಗ ಕುಡದದ್ದು ಇದೇ ಏನು?"

ಮಾಸ್ತರರ ಮುಂದೆ ಒಂದು ಸುಳ್ಳು ಹೇಳಲೊಪ್ಪದೆ ಶಾಲೆ ಬಿಟ್ಟವನು ನಾನು, ನಿನಗೆ ಗೊತ್ತು. ಇವತ್ತೂ ಸುಳ್ಳು ಹೇಳಲಿಲ್ಲ.

"ಬೀಜ ಅದೇ ಅದ, ಯವ್ವಾ," ಎಂದೆ.