ಡಬ್ಬಿಯ ಮೇಲೆ ನನ್ನ ಹೆಸರು

ಹುಲಿಗಾ, ಗೆಳೆಯಾ,

ನೀನು ಹೋಗಿ ವರ್ಷವಾಗುತ್ತ ಬಂತು. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನ ಹೇಸಿಗೆಯಂತೂ ದಿನದಿನಕ್ಕೆ ಹೆಚ್ಚುತ್ತಿದೆ. ಸತ್ತವನಿಗೆ ಕಾಗದ ಬರೆಯುವವನು ಹುಚ್ಚ ಅಂತೀಯೇನೋ. ಆದರೆ ಈ ಸಂಗತಿ ಗೊತ್ತಿದ್ದವನು ನೀನೊಬ್ಬನೇ, ಮತ್ಯಾರಿಗೆ ಬರೆಯಲಿ?

ಬಳ್ಳಾರಿಯಲ್ಲಿ ನಾನು ಗುಟ್ಟಾಗಿ ಮಾಡಿಸಿದ ಪರೀಕ್ಷೆಯ ಕಾಗದ ನೆನಪಿದೆಯಾ? ವೀರ್ಯಾಣು ಒಂದೂ ಇಲ್ಲ ಎಂದಿತ್ತು. ಮನೆಯಲ್ಲಿ ಅವ್ವ, ಮಕ್ಕಳಾಗಲಿಲ್ಲ, ನೀನೂ ಪರೀಕ್ಷೆ ಮಾಡಿಸಿ ರಿಪೋರ್ಟು ತೋರಿಸು ಎಂದು ಕೂತಿದ್ದಳು. ಯಶವಂತನಗರದಲ್ಲಿ ಅದಿರು ಲಾರಿ ತೂಗುವ ಕಾಟಾದ ಗುಮಾಸ್ತ ನಾನು, ಟಿಪ್ಪರ್ ಡ್ರೈವರ್ ನೀನು. ಒಂದು ಲಾರಿಯ ಪರ್ಮಿಟ್ಟಿನಲ್ಲಿ ಇನ್ನೊಂದು ಲಾರಿ ದಾಟಿಸುವುದು ನಮಗೆ ದಿನದ ಕೆಲಸ. "ಲೇ, ಪರ್ಮಿಟ್ ನಂದು, ಗಾಡಿ ನಿಂದು. ಅಷ್ಟ ಅಲ್ಲೇನು?" ಅಂದು ನಕ್ಕವನು ನೀನು. ಹೊಸಪೇಟೆಯ ಲ್ಯಾಬಿನ ಬಚ್ಚಲಿಗೆ ನನ್ನ ಬದಲು ನೀನು ಹೋದೆ. ನೀನು ತಂದುಕೊಟ್ಟ ಡಬ್ಬಿಯ ಮೇಲೆ ನನ್ನ ಹೆಸರು ನಾನೇ ಬರೆದೆ. ಎರಡು ಮಕ್ಕಳ ತಂದೆ ನೀನು, ರಿಪೋರ್ಟು ಮಸ್ತಾಗಿಯೇ ಬಂತು. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು.

ಗಂಡನದು ಸರಿ ಇದ್ದ ಮೇಲೆ ಕೊರತೆ ಹೆಂಡತಿಯದೇ ತಾನೇ? ಶಾರದಾಳ ಹೊಟ್ಟೆಗೆ ಮೂರು ತೂತು ಹಾಕಿ ದುರ್ಬೀನು ಇಳಿಸಿ ನೋಡಿದರು. ಏನೂ ಸಿಗಲಿಲ್ಲ. ಅವ್ವ ಒದ್ದೆ ಸೀರೆಯಲ್ಲಿ ನಾಗರಕಲ್ಲು ಸುತ್ತಿಸಿದಳು. ಪಕ್ಕದ ಮನೆಯ ಬಸುರಿಗೆ ಉಡಿ ತುಂಬುವಾಗ ಯಾರೋ "ನೀ ಸ್ವಲ್ಪ ಆಕಡಿ ಕುಂದ್ರವಾ" ಅಂದರಂತೆ. ಶಾರದಾ ಮನೆಗೆ ಬಂದು ಹೇಳಿದಳು. ನಾನು ಅನ್ನಕ್ಕೆ ಸಾರು ಕಲಸುತ್ತಿದ್ದೆ, ಕಲಸುತ್ತಲೇ ಇದ್ದೆ...

ಸಂಡೂರಿನ ಘಾಟಿನಲ್ಲಿ ನಿನ್ನ ಟಿಪ್ಪರ್ ಮಗುಚಿದಾಗ, ಮಣ್ಣಿಗೆ ಬಂದವರಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು ನಾನು. ಒಳಗೆ ಏನಿತ್ತು ಗೊತ್ತಾ? ಇನ್ನು ಬಾಯಿಬಿಡುವವರು ಯಾರೂ ಇಲ್ಲ ಎಂಬ ನಿರಾಳ. ಥೂ.

ಆಮೇಲೆ ನಾವಿಬ್ಬರೂ ಹೋಗಿ ತೋರಿಸಿಕೊಂಡ ಹುಬ್ಬಳ್ಳಿಯ ಡಾಕ್ಟರಮ್ಮ ಹಳೆಯ ರಿಪೋರ್ಟು ನಂಬಲಿಲ್ಲ. ಅಲ್ಲೇ ಮತ್ತೆ ಪರೀಕ್ಷೆ, ಮತ್ತೆ ಸೊನ್ನೆ. "ಹಂಗಾದ್ರ ಇದು ಯಾರ್ದು?" ಎಂದು ಶಾರದಾಳ ಎದುರೇ ಕೇಳಿದರು. ಹೇಳಿದೆ. ಶಾರದಾ ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, "ನನ್ನ ಹೊಟ್ಟಿ ಕೊಯ್ಯೋವಾಗ ನೀವು ಹೊರಗ ಚಾ ಕುಡಕೋತ ಕುಂತಿದ್ರಿ," ಅಂದಳು, ಅಷ್ಟೇ.

ನಿನಗೆ ತಿಳಿಯದ ಸುದ್ದಿ ಇದು. ಹೊರಗೆ ಬರದಿದ್ದರೂ ವೃಷಣದೊಳಗೆ ವೀರ್ಯಾಣು ಇರಬಹುದು ಎಂದು, ಅಲ್ಲೇ ಸಣ್ಣದಾಗಿ ಕೊಯ್ದು ಚೂರು ತೆಗೆದು ಹುಡುಕಿದರು. ಜೀವ ಇರುವ ಕೆಲವು ಸಿಕ್ಕವು. ಕೆಡದಂತೆ ಹೆಪ್ಪುಗಟ್ಟಿಸಿ ಆಸ್ಪತ್ರೆಯಲ್ಲೇ ಇಟ್ಟಿದ್ದಾರೆ. ಇನ್ನು ಮಗುವಾಗಬೇಕಾದರೆ ಶಾರದಾ ದಿನಾ ಸೂಜಿ ಚುಚ್ಚಿಸಿಕೊಳ್ಳಬೇಕು, ಅವಳ ಅಂಡಗಳನ್ನು ಹೊರತೆಗೆದು ಒಂದೊಂದರೊಳಗೆ ಒಂದೊಂದು ವೀರ್ಯಾಣು ಸೇರಿಸಬೇಕು. ಕೊರತೆ ನನ್ನದು, ಸೂಜಿ ಮತ್ತೆ ಅವಳಿಗೇ. "ಮೊದ್ಲು ನಿಮ್ಮ ಅವ್ವಗ ಹೇಳ್ರಿ," ಎಂದಳು.

ಹೇಳಿದೆ. ಅವ್ವ ಎದ್ದು ಬಾಗಿಲು ಹಾಕಿ ಬಂದಳು. "ಮೆಲ್ಲಕ ಮಾತಾಡೋ. ಓಣಿ ಮಂದಿ ಕೇಳ್ತಾರ. ಆಕಿ ಮ್ಯಾಲೆ ಇರ್ಲಿ ಬಿಡು, ಆಕಿಗೆ ಹೆಂಗೂ ರೂಢಿ ಆಗೇತಿ." ಅಡುಗೆಮನೆಯಲ್ಲಿ ಶಾರದಾ ರೊಟ್ಟಿ ಬಡಿಯುವ ಸದ್ದು ನಿಂತಿತು.

ಆ ಬಾಗಿಲು ನಾನೇ ತೆಗೆದೆ ಹುಲಿಗಾ. ಓಣಿಯ ನಳದ ಹತ್ತಿರ ನಿಂತು, ಕೊರತೆ ನನ್ನದು, ರಿಪೋರ್ಟು ಹುಲಿಗೆಪ್ಪನದು ಎಂದು ನೀರಿಗೆ ಬಂದವರಿಗೆಲ್ಲ ಹೇಳಿದೆ. ನಿನ್ನ ಹೆಸರೂ ಕೆಟ್ಟಿತು, ಅದಕ್ಕೆ ಕ್ಷಮಿಸು ಎನ್ನುವುದಿಲ್ಲ. ತಿರುಗಿ ಬಂದಾಗ ಶಾರದಾ ಚೀಲ ಹಿಡಿದು ಮೆಟ್ರಿಯ ತವರಿಗೆ ಹೊರಟಿದ್ದಳು. ಬಸ್ಸಿನ ತನಕ ಹಿಂದೆ ಹೋದೆ. "ನೀವು ಹೇಳಿದ್ದು ಕೇಳಿಸ್ತು," ಅಂದಳು. ಹತ್ತಿ ಹೋದಳು.

ಮುಂದಿನ ಚಿಕಿತ್ಸೆಗೆ ಅವಳ ಸಹಿ ಬೇಕೆಂದು ಆಸ್ಪತ್ರೆಯವರು ಕೊಟ್ಟ ಕಾಗದ ನನ್ನ ಜೇಬಿನಲ್ಲೇ ಇದೆ. ಹಾಕು ಎಂದು ಕೇಳಲು ನನಗೆ ಬಾಯಿಲ್ಲ.