ಹೆಸರು ಹೇಳಿದ ತಾಯಿ

ಯೂನಿಯನ್ ಸಿಟಿ, ೨೮ ಅಕ್ಟೋಬರ್ ೧೯೮೬, ಮಂಗಳವಾರ

ಸಂಜೆಯ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಶೈಲಜಾಳ ದೊಡ್ಡ ಮಗಳು ಮೈಥಿಲಿ ಸ್ಕೂಲಿಗೆ ಬರೆದದ್ದನ್ನು ಓದಿ ಹೇಳಿದಳು. ಹಿಂದೆ ಜರ್ಮನಿಯ ಎಷ್ಟೋ ಊರುಗಳಲ್ಲಿ ಮಗು ಸತ್ತರೆ ತಾಯಿ ನೆರೆಯವಳ ಹೆಸರು ಹೇಳುತ್ತಿದ್ದಳಂತೆ. ಆ ನೆರೆಯವಳನ್ನು ಮಾಟಗಾತಿಯೆಂದು ಸುಡುತ್ತಿದ್ದರಂತೆ.

"ಸದ್ಯ, ನಾನು ಅಲ್ಲಿ ಹುಟ್ಲಿಲ್ಲ ಕಣ್ರೀ. ನನ್ನ ಬಾಯಿಗೆ ಮೊದಲು ನನ್ನನ್ನೇ ಸುಡೋರು," ಎಂದು ಶೈಲಜಾ ನಕ್ಕಳು.

ನಾನು ನಗಲಿಲ್ಲ. ಜನವರಿಯಲ್ಲಿ ನನ್ನ ಮಗುವನ್ನು ಎತ್ತಿಕೊಂಡು "ಎಷ್ಟು ಮುದ್ದಾಗಿದಾನ್ರೀ" ಎಂದವಳು ಅವಳೇ. ಅವತ್ತು ದೃಷ್ಟಿ ತೆಗೆಯಲು ಮರೆತೆ. ಮಾರ್ಚಿನಲ್ಲಿ ಅವನು ಹೋದ. ಅವಳ ಮಗು ಈಗ ಅಂಬೆಗಾಲಿಡುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಮೈಥಿಲಿ ಸುಟ್ಟುಹೋದವರಿಗಾಗಿ ಮರುಗಿದಳು. ನನಗೆ ಹೆಸರು ಹೇಳಿದ ತಾಯಿ ಅರ್ಥವಾದಳು. ಯಾರಾದರೂ ಕೇಳಿದ್ದರೆ ನಾನೂ ಹೇಳುತ್ತಿದ್ದೆ.

ಕಾಫಿ ತರಲು ಎದ್ದ ಶೈಲಜಾ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ತಿರುಗಿಯೂ ನೋಡದೆ ಒಳಗೆ ಹೋದಳು.